ಘಟ್ಟದಲ್ಲಿ ಗಾಡಿ ನಿಲ್ಲಿಸಿದವರು

ಅವರ ಬಲಗೈ ಮಣಿಕಟ್ಟು ಹೊರಮಗ್ಗುಲಿಗೆ ತುಸು ಸೊಟ್ಟಗಿತ್ತು. ಮೂಳೆ ಕೂಡಿದ ಜಾಗದಲ್ಲಿ ನೆಲ್ಲಿಕಾಯಿಯಷ್ಟು ದೊಡ್ಡ ಗಂಟು. ಆ ಕಾಲದ ಲಾರಿಗಳಿಗೆ ಮೂತಿಯಲ್ಲಿ ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಿದರೇ ಎಂಜಿನ್ ಎಚ್ಚರವಾಗುತ್ತಿದ್ದದ್ದು. ಒಮ್ಮೊಮ್ಮೆ ಅದು ಹಿಂದಕ್ಕೆ ಒದೆಯುತ್ತಿತ್ತು. ಹಾಗೆ ಒದ್ದ ಒಂದು ಬೆಳಿಗ್ಗೆ ಅವರ ಕೈ ಮುರಿದಿತ್ತು. ಯಲ್ಲಾಪುರದ ನಾಟಿ ವೈದ್ಯನೊಬ್ಬ ಬಿದಿರಿನ ಪಟ್ಟಿ ಕಟ್ಟಿ ಕೂಡಿಸಿದ್ದ. ಮೂಳೆ ಕೂಡಿತು, ನೆಟ್ಟಗೆ ಕೂಡಲಿಲ್ಲ. ತುತ್ತನ್ನು ಬಾಯಿಗೆ ಒಯ್ಯುವಾಗ ಆ ಕೈ ಸ್ವಲ್ಪ ಸುತ್ತುಹಾದಿ ಹಿಡಿಯುತ್ತಿತ್ತು. ಸ್ಟೇರಿಂಗಿನ ಮೇಲೆ ಇಟ್ಟಾಗ ಮಾತ್ರ ಅಲ್ಲಿಗೆಂದೇ ಹುಟ್ಟಿದ ಹಾಗೆ ಕೂರುತ್ತಿತ್ತು.

ಶಿರಸಿಯಲ್ಲಿ ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದರು. ಊರಲ್ಲಿ ಬೇರೆ ಸಾಹೇಬರು ಬೇಕಾದಷ್ಟಿದ್ದರು. ಆದರೂ ಬರೀ ಸಾಹೇಬರು ಎಂದರೆ ನಮ್ಮ ಮಂಡಿಯ ಲಾರಿ ಡ್ರೈವರೇ ಎಂದು ಗೊತ್ತಾಗುತ್ತಿತ್ತು. ನಾನು ಆಗ ಇಪ್ಪತ್ತಮೂರು ವರ್ಷದವನು, ಅದೇ ಅಡಿಕೆ ಮಂಡಿಯಲ್ಲಿ ಗುಮಾಸ್ತ. ಮೂವತ್ತರ ದಶಕದ ನಡುವಿನ ವರ್ಷಗಳು ಅವು. ಶಿರಸಿಗೆ ರೈಲಿಲ್ಲ. ಅಡಿಕೆ ಮುಂಬಯಿ ಸೇರಬೇಕಾದರೆ ಒಂದೋ ಘಟ್ಟ ಇಳಿದು ಕುಮಟೆಯ ಬಂದರಿಗೆ ಹೋಗಿ ಹಡಗು ಹತ್ತಬೇಕು, ಇಲ್ಲವೇ ಹುಬ್ಬಳ್ಳಿಗೆ ಹೋಗಿ ರೈಲು ಹತ್ತಬೇಕು. ಮಾಲಿನ ಸಂಗಡ ಹೋಗಿ, ಒಪ್ಪಿಸಿ, ರಶೀದಿ ತರುವುದು ನನ್ನ ಕೆಲಸ. ಹೀಗಾಗಿ ಸುಮಾರು ಮೂರು ವರ್ಷ ಅವರ ಪಕ್ಕದ ಸೀಟಿನಲ್ಲಿ ಕೂತು ತಿರುಗಿದೆ.

ಹೊರಡುವ ಮುಂಚೆ ಅವರು ಲಾರಿಗೆ ಮೂರು ಸುತ್ತು ಬರುತ್ತಿದ್ದರು. ಮೊದಲನೆಯದರಲ್ಲಿ ಒಂದು ಮರದ ಕೋಲಿನಿಂದ ಟಾಯರುಗಳನ್ನು ಬಡಿದು ಸದ್ದು ಕೇಳುವುದು. ಎರಡನೆಯದರಲ್ಲಿ ಬಗ್ಗಿ ಬ್ರೇಕಿನ ಕಂಬಿಗಳನ್ನು ಕೈಯಿಂದ ಎಳೆದು ನೋಡುವುದು. ಮೂರನೆಯ ಸುತ್ತು ಹಗ್ಗಕ್ಕೆ. ಹಗ್ಗ ಬಿಗಿದವನು ಕ್ಲೀನರ್ ಬಸ್ತ್ಯಾಂವ, ಸಾಹೇಬರಿಗಿಂತ ನಾಲ್ಕು ವರ್ಷಕ್ಕೆ ದೊಡ್ಡವನು, ಯಲ್ಲಾಪುರದ ಕಡೆಯ ಸಿದ್ದಿ. ಮೈಯಲ್ಲಿ ಆನೆಯ ಕಸುವು. ಅವನು ಬಿಗಿದ ಹಗ್ಗವನ್ನು ಮತ್ತೆ ಪರೀಕ್ಷಿಸುವ ಅಗತ್ಯವೇ ಇರಲಿಲ್ಲ. ಆದರೂ ಸಾಹೇಬರು ಪ್ರತಿ ಗಂಟನ್ನೂ ಮುಟ್ಟುತ್ತಿದ್ದರು, ಬಸ್ತ್ಯಾಂವ ಪ್ರತಿ ಸಲವೂ ಪಕ್ಕದಲ್ಲಿ ನಿಂತು ಮುಟ್ಟಗೊಡುತ್ತಿದ್ದ. ಇಬ್ಬರಿಗೂ ಅದರಲ್ಲಿ ಅವಮಾನ ಕಾಣುತ್ತಿರಲಿಲ್ಲ. ನಾನು ಒಮ್ಮೆ, ದಿನಾ ನೋಡಿದ್ದನ್ನೇ ಏನು ನೋಡುತ್ತೀರಿ ಎಂದು ಕೇಳಿದ್ದಕ್ಕೆ, ನಿನ್ನೆ ನೋಡಿದ್ದು ನಿನ್ನೆಯ ಲಾರಿಯನ್ನು ಎಂದಿದ್ದರು.

ಅವರ ಹಟದ ಪರಿಚಯ ನನಗೆ ಮೊದಲು ಆದದ್ದು ಸಿದ್ದಾಪುರದಲ್ಲಿ. ಅಲ್ಲಿಂದ ಅಡಿಕೆ ಹೇರಿಕೊಂಡು ಬರುವ ದಿನ, ಮದುವೆಗೆ ಹೊರಟ ಹತ್ತು ಹನ್ನೆರಡು ಜನ ಬಂದು ಚೀಲಗಳ ಮೇಲೆ ಹತ್ತಿ ಕೂತರು. ಅವರ ಯಜಮಾನರು ಮಂಡಿಯ ಮಾಲೀಕರಾದ ನಮ್ಮ ಶೇಟ್ರಿಗೆ ಬೇಕಾದವರು, ದೊಡ್ಡ ಗಿರಾಕಿ. ಸಾಹೇಬರು ಕೈಮುಗಿದು, ಇಳಿಯಬೇಕು ಎಂದರು. ಆ ಯಜಮಾನರು ನಕ್ಕರು. ಸಾಹೇಬರು ಎಂಜಿನ್ ಬಂದ್ ಮಾಡಿ, ಕೆಳಗಿಳಿದು, ಹಲಸಿನ ಮರದ ನೆರಳಿನಲ್ಲಿ ಕೂತು ಸೌತೆಕಾಯಿ ಹೆಚ್ಚತೊಡಗಿದರು. ಒಂದು ತಾಸು ಕಳೆಯಿತು. ಮದುವೆಯವರು ಬೈದರು, ಆಮೇಲೆ ಬೇಡಿಕೊಂಡರು, ಕೊನೆಗೆ ಒಬ್ಬೊಬ್ಬರೇ ಇಳಿದು ಎತ್ತಿನ ಗಾಡಿ ಹುಡುಕಲು ಹೋದರು. ದಾರಿಯಲ್ಲಿ ನಾನು, ಇಷ್ಟು ನಿಷ್ಠುರ ಬೇಕಿತ್ತೇ ಎಂದೆ.

“ಚೀಲ ಬಿದ್ರೆ ಎತ್ತಿ ಹಾಕಬಹುದು ಹೆಗಡೇರೆ” ಎಂದರು.

ಶೇಟ್ರು ಮಾರನೆಯ ದಿನ ಅವರನ್ನು ಕರೆಸಿ ಎಲ್ಲರೆದುರು ರೇಗಿದರು. ಸಾಹೇಬರು ತಲೆತಗ್ಗಿಸಿ ಪೂರಾ ಕೇಳಿಸಿಕೊಂಡರು. ಮುಂದಿನ ತಿಂಗಳು ಬೇರೆ ಯಾರೋ ಹತ್ತಿ ಕೂತಾಗ ಮತ್ತೆ ಹಾಗೆಯೇ ಮಾಡಿದರು.

ಅವರನ್ನು ಕಾಡುತ್ತಿದ್ದದ್ದು ಜ್ವರ. ಮಂಡಿಗೆ ಬರುವ ಮೊದಲು ಯಲ್ಲಾಪುರದ ಕಾಡಿನಲ್ಲಿ ಆರು ವರ್ಷ ಸಾಗವಾನಿ ದಿಮ್ಮಿ ಹೇರಿದ್ದರು. ಆ ಕಾಡಿನ ಚಳಿಜ್ವರ ಅವರ ಮೈಯಲ್ಲಿ ಮನೆ ಮಾಡಿತ್ತು. ತಿಂಗಳುಗಟ್ಟಲೆ ಸುಮ್ಮನಿದ್ದು ಒಮ್ಮೆ ಎದ್ದಿತೆಂದರೆ ಮೂರು ನಾಲ್ಕು ವಾರ ದಿನ ಬಿಟ್ಟು ದಿನ ಬರುತ್ತಿತ್ತು. ನಮ್ಮ ಕಡೆ ಅದಕ್ಕೆ ಪಾಳಿಜ್ವರ ಎನ್ನುತ್ತಿದ್ದರು. ಪಾಳಿಯ ದಿನ ಸಾಹೇಬರು ಲಾರಿ ಮುಟ್ಟುತ್ತಿರಲಿಲ್ಲ. ಶೇಟ್ರೇ ಬಂದು ಮನೆಯ ಬಾಗಿಲಲ್ಲಿ ನಿಂತರೂ ಇಲ್ಲ. ಪಾಳಿ ಇಲ್ಲದ ದಿನ ಎರಡು ದಿನದ ಕೆಲಸ ಮಾಡಿ ಮುಗಿಸುತ್ತಿದ್ದರು. ಇದನ್ನು ಒಂದು ಶಿಸ್ತಿನಂತೆ ಪಾಲಿಸಿಕೊಂಡು ಬಂದಿದ್ದರು, ನಾವೂ ಅದಕ್ಕೆ ಹೊಂದಿಕೊಂಡಿದ್ದೆವು.

ಆ ವರ್ಷ ಮೇ ತಿಂಗಳ ಕೊನೆ. ಮಳೆಗಾಲಕ್ಕೆ ಬಂದರು ಮುಚ್ಚುವ ಮುಂಚಿನ ಕಟ್ಟಕಡೆಯ ಹಡಗು ಕುಮಟೆಯಲ್ಲಿ ನಿಂತಿತ್ತು. ಮಧ್ಯಾಹ್ನದ ಉಬ್ಬರಕ್ಕೆ ಹೊರಡುತ್ತದೆ ಎಂದು ಹಡಗು ನಡೆಸುವ ತಾಂಡೇಲ ಹೇಳಿಕಳಿಸಿದ್ದ. ಮೂವತ್ತೆರಡು ಚೀಲ ಒಳ್ಳೆಯ ಕೆಂಪಡಿಕೆ ಹೇರಿಕೊಂಡು ನಸುಕಿನಲ್ಲೇ ಹೊರಟೆವು. ಹೊರಡುವಾಗ ಶೇಟ್ರು ನನ್ನನ್ನು ಪಕ್ಕಕ್ಕೆ ಕರೆದು, ಈ ಮಾಲು ತಪ್ಪಿದರೆ ನೀನು ವಾಪಸು ಮಂಡಿಗೆ ಬರುವುದು ಬೇಡ ಎಂದರು. ಮನೆಯಲ್ಲಿ ನನ್ನ ಸಂಬಳವೊಂದೇ ದಿಕ್ಕು.

ದೇವಿಮನೆ ಘಟ್ಟದಲ್ಲಿ ಆಗ ಎರಡು ಗಾಡಿ ಎದುರುಬದುರಾಗಿ ದಾಟುವಷ್ಟು ರಸ್ತೆ ಎಲ್ಲ ಕಡೆ ಇರಲಿಲ್ಲ. ಮೇಲೊಂದು ಕೆಳಗೊಂದು ಗೇಟು. ಬೆಳಿಗ್ಗೆ ಇಳಿಯುವ ಗಾಡಿಗಳಿಗೆ, ಹನ್ನೆರಡು ಹೊಡೆದ ಮೇಲೆ ಹತ್ತುವ ಗಾಡಿಗಳಿಗೆ ಬಿಡುತ್ತಿದ್ದರು. ನಾವು ಮೇಲಿನ ಗೇಟು ದಾಟಿದಾಗ ಒಂಬತ್ತೂವರೆ ಇರಬೇಕು. ಒಂದು ಮೈಲು ಇಳಿದಿರಲಿಲ್ಲ, ಸಾಹೇಬರು ಆಕಳಿಸಿದರು. ಮತ್ತೆ ಆಕಳಿಸಿದರು. ಸ್ಟೇರಿಂಗಿನ ಮೇಲಿದ್ದ ಬೆರಳುಗಳನ್ನು ಬಿಡಿಸಿ ಉಗುರು ನೋಡಿಕೊಂಡರು. ನಾನೂ ನೋಡಿದೆ. ಉಗುರು ನೀಲಿಗಟ್ಟಿತ್ತು.

ಅಂದು ಪಾಳಿಯ ದಿನವಲ್ಲ. ಹಿಂದಿನ ದಿನವೇ ಜ್ವರ ಬಂದು ಹೋಗಿತ್ತು.

ಅವರು ಗೇರು ಇಳಿಸಿ, ಮುಂದಿನ ತಿರುವಿನಲ್ಲಿ ಲಾರಿಯನ್ನು ಗುಡ್ಡದ ಮಗ್ಗುಲಿಗೆ ತಂದು, ಮುಂದಿನ ಚಕ್ರವನ್ನು ದರೆಗೆ ಆನಿಸಿ ನಿಲ್ಲಿಸಿದರು. ಬಸ್ತ್ಯಾಂವ ಹಾರಿ ಇಳಿದು ನಾಲ್ಕೂ ಚಕ್ರಗಳಿಗೆ ಮರದ ತುಂಡು ಅಡ್ಡ ಕೊಟ್ಟ. ಸಾಹೇಬರು ಸೀಟಿನ ಕೆಳಗಿನ ಹ್ಯಾಂಡಲ್ ತೆಗೆದುಕೊಂಡು ಇಳಿದು, ದರೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತರು. ಅಷ್ಟರಲ್ಲಿ ಹಲ್ಲು ಕಟಕಟ ಎನ್ನತೊಡಗಿತ್ತು. ಮೇ ತಿಂಗಳ ಬಿಸಿಲಲ್ಲಿ ಎರಡು ಕಂಬಳಿ ಹೊದೆಸಿದರೂ ಮೈ ಕುಣಿಯುತ್ತಿತ್ತು.

ನನಗೆ ಅವರ ಸಂಕಟ ಕಾಣಲಿಲ್ಲ, ಇದನ್ನು ಮುಚ್ಚಿಡಲಾರೆ. ನನಗೆ ಕಂಡದ್ದು ಹಡಗು. ಹೇಗಾದರೂ ಮಾಡಿ ಇಳಿಸಿಬಿಡಿ, ಇನ್ನು ಮೂರೇ ಮೈಲು ಎಂದೆ. ಅವರು ಆಗದೆಂದು ತಲೆಯಾಡಿಸಿದರು. ಹಾಗಾದರೆ ನಾನೇ ಇಳಿಸುತ್ತೇನೆ, ಹ್ಯಾಂಡಲ್ ಕೊಡಿ ಎಂದೆ. ಶಿರಸಿಯ ಬಯಲಿನಲ್ಲಿ ಅವರೇ ನನಗೆ ನಾಲ್ಕಾರು ಸಲ ಖಾಲಿ ಲಾರಿ ಓಡಿಸಲು ಕೊಟ್ಟಿದ್ದರು. ಆ ಧೈರ್ಯ ನನ್ನದು. ಕೈ ಚಾಚಿದೆ. ಅವರು ಹ್ಯಾಂಡಲನ್ನು ಕಂಬಳಿಯೊಳಗೆ ಎಳೆದುಕೊಂಡು ಎದೆಗೆ ಒತ್ತಿ ಹಿಡಿದರು.

“ಓಡಿಸ್ಲಿಕ್ಕೆ ಕಲ್ತಿದ್ದೀರಿ ಹೆಗಡೇರೆ. ನಿಲ್ಲಿಸ್ಲಿಕ್ಕೆ ಇನ್ನೂ ಕಲೀಲಿಲ್ಲ.”

ನಾನು ಏನೇನೋ ಅಂದೆ. ನಿಮಗೇನು, ನಿಮ್ಮನ್ನು ಯಾವ ಮಂಡಿಯವರಾದರೂ ಕರೆಯುತ್ತಾರೆ, ಬೀದಿಗೆ ಬೀಳುವವನು ನಾನು ಎಂದೂ ಅಂದೆ. ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು. ಆಮೇಲೆ ಚಳಿಯ ನಡುವೆ ಒಂದೊಂದೇ ಪದ ಜೋಡಿಸಿ, ನಾನು ಮಾಡಬೇಕಾದದ್ದನ್ನು ಹೇಳಿದರು. ಹನ್ನೆರಡಕ್ಕೆ ಕೆಳಗಿನ ಗೇಟು ತೆಗೆಯುತ್ತಾರೆ. ಮೊದಲು ಹತ್ತುವುದು ಕುಮಟೆಯ ಬಸ್ಸು. ಈ ತಿರುವಿಗೆ ಬಂದರೆ ಎಡಕ್ಕೆ ದರೆ, ಬಲಕ್ಕೆ ಕಣಿವೆ, ನಡುವೆ ನಮ್ಮ ಲಾರಿ. ಬಸ್ತ್ಯಾಂವ ಲಾರಿ ಬಿಟ್ಟು ಹೋಗುವಂತಿಲ್ಲ, ತುಂಡು ಜಾರಿದರೆ ಹಿಡಿಯುವ ಶಕ್ತಿ ಇರುವುದು ಅವನಿಗೆ ಮಾತ್ರ. ಆದ್ದರಿಂದ ನಾನು ನಡೆದು ಹೋಗಿ ಗೇಟು ತಡೆಯಬೇಕು.

“ಬಸ್ಸಲ್ಲಿ ಜನ ಇರ್ತಾರೆ. ಓಡಬೇಡಿ, ಕಾಲು ಉಳುಕಿದ್ರೆ ಹೇಳ್ಲಿಕ್ಕೆ ಯಾರೂ ಇಲ್ಲ. ನಡೀರಿ, ನಿಲ್ಲದೆ ನಡೀರಿ” ಎಂದರು.

ಮೊದಲ ಮೈಲು ಪೂರ್ತಿ ಅವರನ್ನು ಬೈದುಕೊಳ್ಳುತ್ತಲೇ ನಡೆದೆ. ಎರಡನೆಯ ಮೈಲಿನಲ್ಲಿ ಬೈಯಲು ಉಸಿರಿರಲಿಲ್ಲ. ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿ ಬರಿಗಾಲಲ್ಲಿ ನಡೆದೆ. ಕೆಳಗಿನ ಗೇಟು ಕಂಡಾಗ ಬಸ್ಸಿನ ಎಂಜಿನ್ ಆಗಲೇ ಸದ್ದು ಮಾಡುತ್ತಿತ್ತು, ಗೇಟಿನವನು ಅಡ್ಡಗಂಬದ ಹಗ್ಗಕ್ಕೆ ಕೈ ಹಾಕಿದ್ದ. ತಡೆಯಿರಿ, ಮೇಲೆ ತಿರುವಿನಲ್ಲಿ ಲಾರಿ ನಿಂತಿದೆ ಎಂದೆ. ಗೇಟಿನವನು, ಹೊತ್ತಾಯಿತು, ಬಿಡುವುದು ತನ್ನ ಡ್ಯೂಟಿ ಎಂದ. ಬಸ್ಸಿನ ಡ್ರೈವರ್ ತಲೆ ಹೊರಹಾಕಿ, ಲಾರಿ ನಿಂತಿದ್ದರೆ ನಿಂತಿರಲಿ, ತಾನು ಒರೆಸಿಕೊಂಡು ದಾಟಿಸುತ್ತೇನೆ ಎಂದ. ನಾನು ಹೋಗಿ ಬಸ್ಸಿನ ಮುಂದೆ ನಿಂತುಬಿಟ್ಟೆ.

ಆಗ ಒಳಗಿದ್ದವರು ಕಂಡರು. ಮುಂದಿನ ಸೀಟಿನಲ್ಲಿ ತುಂಬುಬಸುರಿಯೊಬ್ಬಳು, ಅವಳ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದ ತಾಯಿ. ಹಿಂದೆ ಒಣಮೀನಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡ ಹೆಂಗಸರು. ಕಿಟಕಿಯಲ್ಲಿ ಒಬ್ಬ ಮುದುಕ, ಏನು ತಡ ಎಂಬಂತೆ ನನ್ನನ್ನೇ ನೋಡುತ್ತಿದ್ದ. ಮೂರು ಮೈಲು ಉದ್ದಕ್ಕೂ ನನ್ನ ತಲೆಯಲ್ಲಿದ್ದದ್ದು ಮೂವತ್ತೆರಡು ಚೀಲ. ಇವರು ಇರಲೇ ಇಲ್ಲ. ಅಲ್ಲಿ ಮೇಲೆ ಕಂಬಳಿ ಹೊದ್ದು ನಡುಗುತ್ತ ಕೂತವರ ತಲೆಯಲ್ಲಿ ಇವರೇ ಇದ್ದರು.

ಬಸ್ಸಿನ ಡ್ರೈವರ್ ಬೈಯುವುದನ್ನು ನಿಲ್ಲಿಸಿ, ಯಾರ ಗಾಡಿ ಎಂದು ಕೇಳಿದ.

ಶಿರಸಿಯ ಸಾಹೇಬರದು ಎಂದೆ.

ಅವನು ಕೈ ಚಾಚಿ ಎಂಜಿನ್ ಬಂದ್ ಮಾಡಿದ. ಎಲ್ಲರನ್ನೂ ಇಳಿದು ನೆರಳಿಗೆ ಹೋಗಲು ಹೇಳಿದ. “ಅವ್ರು ನಿಲ್ಸಿದ್ರೆ ಸುಮ್ನೆ ನಿಲ್ಸುವವ್ರಲ್ಲ” ಎಂದು ಗೇಟಿನವನಿಗೆ ಹೇಳಿ, ನನ್ನ ಕಾಲು ನೋಡಿ, ಕುಡಿಯಲು ನೀರು ಕೊಟ್ಟ.

ಮೂರೂವರೆಯ ಹೊತ್ತಿಗೆ ಲಾರಿಯ ಸದ್ದು ಕೇಳಿತು. ಮೊದಲನೆಯ ಗೇರಿನಲ್ಲಿ, ನಡೆಯುವವನಿಗಿಂತ ನಿಧಾನವಾಗಿ ಇಳಿದು ಬಂತು. ಸಾಹೇಬರ ಅಂಗಿ ಬೆವರಿನಿಂದ ನೆಂದು ಮೈಗೆ ಅಂಟಿತ್ತು, ಮುಖ ಬೂದಿಯ ಬಣ್ಣ. ಬಸ್ಸಿನವರ ಮುಂದೆ ನಿಲ್ಲಿಸಿ, ಇಳಿದು, ಕಾಯಿಸಿದ್ದಕ್ಕೆ ಎಲ್ಲರ ಕ್ಷಮೆ ಕೇಳಿದರು. ಆಮೇಲೆ ನನ್ನನ್ನು ಹತ್ತಲು ಹೇಳಿದರು.

ಕುಮಟೆಯಲ್ಲಿ ಹಡಗು ಹೊರಟುಹೋಗಿತ್ತು. ದೂರದಲ್ಲಿ ಅದರ ಪಟ ಇನ್ನೂ ಕಾಣುತ್ತಿತ್ತು. ನಾನು ಬಂದರಿನ ದಕ್ಕೆಯ ಕಲ್ಲಿನ ಮೇಲೆ ಕೂತುಬಿಟ್ಟೆ. ಸಾಹೇಬರು ಪಕ್ಕಕ್ಕೆ ಬಂದು, ಇನ್ನು ಉಳಿದದ್ದು ಹುಬ್ಬಳ್ಳಿಯ ರೈಲು, ಅಲ್ಲಿಗೇ ಹೋಗೋಣ ಎಂದರು. ಬಂದ ದಾರಿಯಲ್ಲೇ ತಿರುಗಿ ಘಟ್ಟ ಹತ್ತಿ, ಶಿರಸಿ ದಾಟಿ, ಅಷ್ಟು ದೂರ. ಮಳೆ ಯಾವ ದಿನ ಬೇಕಾದರೂ ಹಿಡಿಯಬಹುದು. ಮೈಯಲ್ಲಿ ಜ್ವರ. ಇದನ್ನೆಲ್ಲ ನಾನು ಹೇಳಿದೆ. “ಮಾಲು ಇಳಿಸುವ ತನಕ ಅದು ನನ್ನ ಮೇಲಿನ ಭಾರ. ಏಳಿ” ಎಂದರು.

ಮಾರನೆಯ ಬೆಳಿಗ್ಗೆ ಶಿರಸಿಯಲ್ಲಿ ಶೇಟ್ರ ಎದುರು ನಿಂತೆವು. ಅವರು ಮೊದಲು ನನ್ನ ಕಡೆಗೇ ತಿರುಗಿದರು. ಸಾಹೇಬರು ನನ್ನ ಮುಂದೆ ಬಂದು ನಿಂತು, ನಿಲ್ಲಿಸಿದ್ದು ತಾನು, ಈ ಹುಡುಗ ಇಳಿಸಿ ಇಳಿಸಿ ಎಂದು ಕಾಲು ಹಿಡಿದರೂ ತಾನು ಕೇಳಲಿಲ್ಲ, ಕೆಲಸದಿಂದ ಬಿಡಿಸುವುದಿದ್ದರೆ ತನ್ನನ್ನು ಬಿಡಿಸಬೇಕು ಎಂದರು. ಆದರೆ ಮಾಲನ್ನು ಹುಬ್ಬಳ್ಳಿಗೆ ಮುಟ್ಟಿಸಿ ಬಂದ ಮೇಲೆ ಬಿಡಿಸಿ ಎಂದೂ ಸೇರಿಸಿದರು. “ಹೋಗಿ ಮಾರಾಯ್ರೆ, ಹೋಗಿ ಬನ್ನಿ” ಎಂದರು ಶೇಟ್ರು.

ಹುಬ್ಬಳ್ಳಿಗೆ ನೇರ ಹೋಗುವ ಮುಂಡಗೋಡದ ದಾರಿಯಲ್ಲಿ ಸೇತುವೆ ರಿಪೇರಿ ನಡೆದಿತ್ತು. ಯಲ್ಲಾಪುರ ಸುತ್ತಿ ಹೋಗಬೇಕಾಯಿತು. ಶಿರಸಿ ಬಿಟ್ಟು ಐದಾರು ಮೈಲಿಗೆ ಮೊದಲ ಮಳೆ ಹೊಡೆಯಿತು. ಅರ್ಧ ದಾರಿಯಲ್ಲಿ ಒಂದು ಹಳ್ಳಕ್ಕೆ ಹಾಸಿದ್ದ ಮರದ ಸಂಕ ಒಂದು ಬದಿಗೆ ಕುಸಿದಿತ್ತು. ಸಾಹೇಬರು ಹಳ್ಳಕ್ಕೆ ಇಳಿದು, ಸಂಕದ ಅಡಿಗೆ ಹೋಗಿ, ಪ್ರತಿ ತೊಲೆಯನ್ನೂ ಕೋಲಿನಿಂದ ಬಡಿದು ಬಂದರು. ಖಾಲಿ ಲಾರಿಯನ್ನು ತಾಳುತ್ತದೆ, ತುಂಬಿದ್ದನ್ನು ತಾಳದು ಎಂದರು. ಮಳೆ ಬಿಟ್ಟ ಹೊತ್ತಿನಲ್ಲಿ ಮೂವತ್ತೆರಡು ಚೀಲಗಳನ್ನೂ ಇಳಿಸಿ ಆಚೆ ದಡಕ್ಕೆ ಸಾಗಿಸಿದೆವು. ಬಸ್ತ್ಯಾಂವ ಒಬ್ಬನೇ ಒಂದೊಂದು ಚೀಲ ಹೊತ್ತ, ಸಾಹೇಬರೂ ನಾನೂ ಇಬ್ಬರು ಸೇರಿ ಒಂದೊಂದು. ಸಾಹೇಬರು ಖಾಲಿ ಲಾರಿಯನ್ನು ಒಬ್ಬರೇ ದಾಟಿಸಿದರು, ನಮ್ಮಿಬ್ಬರನ್ನೂ ಹತ್ತಗೊಡಲಿಲ್ಲ. ಹಿಂದಿನ ಚಕ್ರ ನಡುಸಂಕದಲ್ಲಿ ಒಂದು ಗೇಣು ತಗ್ಗಿತು. ಅವರು ನಿಲ್ಲಿಸಲಿಲ್ಲ, ಜೋರೂ ಮಾಡಲಿಲ್ಲ. ಆಚೆ ದಡ ಸೇರಿದ ಮೇಲೆ ಎಲ್ಲ ಚೀಲ ಮತ್ತೆ ಹೇರಿ, ಮತ್ತೆ ಹಗ್ಗ ಬಿಗಿದು, ಮತ್ತೆ ಮೂರು ಸುತ್ತು. ಯಲ್ಲಾಪುರ ಮುಟ್ಟುವುದರೊಳಗೆ ಸಂಜೆಯಾಯಿತು.

ಘಟ್ಟದಲ್ಲಿ ಬಂದ ಜ್ವರದಿಂದ ಎಣಿಕೆ ಬದಲಾಗಿ, ಮರುದಿನ ಪಾಳಿ. ಹುಬ್ಬಳ್ಳಿ ಇನ್ನು ಅರ್ಧ ದಿನದ ದಾರಿ. ಈ ಸಲ ನಾನು ಏನೂ ಕೇಳಲಿಲ್ಲ. ಪೇಟೆಯ ಬದಿಯ ಒಂದು ಹಂಚಿನ ಮಾಡಿನ ಕೆಳಗೆ ಲಾರಿ ನಿಲ್ಲಿಸಿಕೊಂಡು ಇಡೀ ದಿನ ಕೂತೆವು. ಚಳಿ ಬಂದಾಗ ನಾನೇ ಅವರ ಕಾಲು ಒತ್ತಿದೆ. ನನ್ನ ಮನೆತನದಲ್ಲಿ ಆಗ ಇದನ್ನು ಕೇಳಿದರೆ ಮೈಲಿಗೆ ಎನ್ನುತ್ತಿದ್ದರು. ಆ ದಿನ ಅದು ನೆನಪಿಗೂ ಬರಲಿಲ್ಲ. ಬೆವರಿಳಿದು ಜ್ವರ ಬಿಟ್ಟ ಮೇಲೆ ಅವರು ಕಣ್ಣು ತೆರೆದು ಮೊದಲು ಲಾರಿಯನ್ನು ನೋಡಿದರು, ಆಮೇಲೆ ನನ್ನನ್ನು. ಕ್ವಿನೈನು ನುಂಗಿ, ಕಹಿಗೆ ಮುಖ ಹಿಂಡಿ, ನಾಳೆ ಮಧ್ಯಾಹ್ನದೊಳಗೆ ಮುಟ್ಟುತ್ತೇವೆ ಎಂದರು. ಮುಟ್ಟಿದೆವು. ಸ್ಟೇಷನ್ನಿನ ಗೋದಾಮಿನಲ್ಲಿ ಚೀಲ ಎಣಿಸಿ ಒಪ್ಪಿಸುವಾಗ ಒಂದು ಚೀಲವೂ ನೆಂದಿರಲಿಲ್ಲ. ರಶೀದಿ ನನ್ನ ಕೈಗೆ ಬಂದ ಮೇಲೆ ಅವರು ಲಾರಿಯ ನೆರಳಿನಲ್ಲಿ ಮಲಗಿ, ಮೂರು ದಿನದಲ್ಲಿ ಮೊದಲ ಬಾರಿಗೆ ಗಾಢವಾಗಿ ನಿದ್ದೆ ಮಾಡಿದರು.

ಆ ಹಡಗು ಸುರಕ್ಷಿತವಾಗಿಯೇ ಮುಂಬಯಿ ಸೇರಿತು. ಕೆಲವರು ಈ ಕಥೆ ಕೇಳಿ, ಹಡಗು ಮುಳುಗಿತೇ ಎಂದು ಆಸೆಯಿಂದ ಕೇಳುತ್ತಾರೆ. ಇಲ್ಲ. ಸಾಹೇಬರು ನಿಲ್ಲಿಸಿದ್ದು ಸರಿ ಎಂದು ತೋರಿಸಲು ಯಾವ ಅನಾಹುತವೂ ಆಗಲಿಲ್ಲ. ಆಗದಂತೆ ನೋಡಿಕೊಂಡದ್ದೇ ಅವರ ಕೆಲಸ. ಶೇಟ್ರು ಅವರನ್ನು ಬಿಡಿಸಲಿಲ್ಲ, ನನ್ನನ್ನೂ. ನಾನು ಲಾರಿ ಹತ್ತುವುದಕ್ಕೆ ಸದಾ ಹೆದರುತ್ತಿದ್ದ ನನ್ನ ಆಯಿ, ಇದೆಲ್ಲ ಕಿವಿಗೆ ಬಿದ್ದ ಮೇಲೆ, “ಆ ಸಾಹೇಬ್ರ ಗಾಡಿ ಆದ್ರೆ ಹೋಗು ತಮಾ, ಬೇರೆಯವ್ರದ್ದಾದ್ರೆ ಬ್ಯಾಡ” ಎಂದಳು.

ಎರಡು ವರ್ಷ ಕಳೆದ ಮೇಲೆ, ಒಂದು ಬೆಳಿಗ್ಗೆ ಸಾಹೇಬರು ಮಂಡಿಗೆ ಬಂದು ಲೈಸೆನ್ಸನ್ನು ಶೇಟ್ರ ಮೇಜಿನ ಮೇಲಿಟ್ಟರು. ಜ್ವರ ಪಾಳಿ ಬಿಟ್ಟಿದೆ, ಯಾವಾಗ ಬರುತ್ತದೆಂದು ಈಗ ತನಗೇ ತಿಳಿಯುವುದಿಲ್ಲ, ಇನ್ನು ಗಾಡಿ ಓಡಿಸುವುದಿಲ್ಲ ಎಂದರು. ಶೇಟ್ರು ಸಂಬಳ ಹೆಚ್ಚಿಸುತ್ತೇನೆ ಎಂದರು, ಘಟ್ಟದ ಕೆಲಸ ಬಿಟ್ಟು ಬನವಾಸಿ, ಸೋಂದೆಯ ಸಪಾಟು ದಾರಿಯಲ್ಲಾದರೂ ಓಡಿಸಿ ಎಂದರು. ಆ ದಾರಿಗಳಲ್ಲೂ ಜನ ನಡೆಯುತ್ತಾರಲ್ಲ ಎಂದು ಸಾಹೇಬರು ನಕ್ಕರು. ಅವರಿಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ. ಮನೆಯಲ್ಲಿ ಹೆಂಡತಿ, ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳು. ಆದರೂ ನಿರ್ಧಾರ ಅಲುಗಲಿಲ್ಲ. ದಪ್ಪ ಸೂಜಿ, ಮೇಣ ಹಚ್ಚಿದ ದಾರ ಹಿಡಿದು, ಲಾರಿಗಳಿಗೆ ಹೊದೆಸುವ ತಾಡಪತ್ರಿ ಹೊಲಿಯಲು ಕಲಿತರು. ಮುರಿದು ಕೂಡಿದ ಕೈಗೆ ಅದು ಸುಲಭದ ಕೆಲಸವಲ್ಲ. ಮೊದಲ ಆರು ತಿಂಗಳು ಹೊಲಿದು ಬಿಚ್ಚಿ, ಬಿಚ್ಚಿ ಹೊಲಿದರು. ನಂತರ ಶಿರಸಿ, ಸಿದ್ದಾಪುರ, ಯಲ್ಲಾಪುರದ ಲಾರಿಗಳೆಲ್ಲ ಅವರ ಅಂಗಳಕ್ಕೆ ಬರತೊಡಗಿದವು.

ಮಂಡಿಯ ಲಾರಿಗಳ ಉಸ್ತುವಾರಿ ಮುಂದೆ ನನಗೇ ಬಂತು. ಮೂವತ್ತು ವರ್ಷ ಆ ಕೆಲಸ ಮಾಡಿದೆ. ಇವತ್ತು ಆಗುವುದಿಲ್ಲ ಎಂದ ಯಾವ ಡ್ರೈವರನ್ನೂ ಒತ್ತಾಯಿಸಿ ಕಳಿಸಲಿಲ್ಲ. ಬೇರೆ ಏನು ಕಲಿತೆನೋ ಬಿಟ್ಟೆನೋ, ಇಷ್ಟನ್ನು ಅವರಿಂದ ಪಡೆದಿದ್ದೇನೆ.

ಅವರು ತೀರಿಕೊಂಡದ್ದು ಗಾಡಿ ಓಡಿಸುವುದು ಬಿಟ್ಟ ಕೆಲವು ವರ್ಷಗಳ ಮೇಲೆ, ಆಷಾಢದಲ್ಲಿ. ಮೂರು ದಿನದಿಂದ ಬಿಡದ ಮಳೆ. ಖಬರಸ್ತಾನದಲ್ಲಿ ಗುಂಡಿ ತೋಡಿದಷ್ಟೂ ನೀರು ತುಂಬುತ್ತಿತ್ತು. ಬಸ್ತ್ಯಾಂವ ಓಡಿಹೋಗಿ ಮಂಡಿಯ ಲಾರಿಯಿಂದ ಒಂದು ತಾಡಪತ್ರಿ ಬಿಚ್ಚಿ ತಂದ. ಗುಂಡಿಯ ಮೇಲೆ ಅದನ್ನು ನಾಲ್ಕು ಮೂಲೆಗೆ ನಾಲ್ಕು ಜನ ಎತ್ತಿ ಹಿಡಿದೆವು: ಬಸ್ತ್ಯಾಂವ, ಕುಮಟೆಯ ಆ ಬಸ್ಸಿನ ಡ್ರೈವರ್, ಸಾಹೇಬರ ಅಳಿಯ, ನಾನು. ಉಳಿದವರು ಗುಂಡಿಯ ನೀರು ಎತ್ತಿ ಹಾಕಿ, ಅವರನ್ನು ಇಳಿಸಿ, ಮಣ್ಣು ಮುಚ್ಚುವ ತನಕ ತಾಡಪತ್ರಿಯ ಮೇಲೆ ಮಳೆ ಧಾರೆಯಾಗಿ ಹೊಡೆಯಿತು. ತೋಳು ಸೋತರೂ ಯಾರೂ ಬದಲಿ ಕೇಳಲಿಲ್ಲ. ನಾನು ತಲೆಯೆತ್ತಿ ಹೊಲಿಗೆಯನ್ನೇ ನೋಡುತ್ತಿದ್ದೆ. ಒತ್ತೊತ್ತಾದ, ಸಣ್ಣ, ಅವರದೇ ಹೊಲಿಗೆ. ಒಂದು ಹನಿಯೂ ಒಳಗೆ ಇಳಿಯಲಿಲ್ಲ.